ಆಧಾರ ಶ್ರುತಿಯನ್ನು ಬಿಟ್ಟುಕೊಟ್ಟ ಮೇಷ್ಟ್ರು

ನಾಲ್ಕು ಶತಮಾನಗಳ ಹಿಂದೆ ಲಂಡನ್ನಿನ ರಂಗಮಂದಿರಗಳಲ್ಲಿ ಆಡಿದ ನಾಟಕಗಳನ್ನು, ಅವುಗಳಲ್ಲಿ ತುಂಬಿಕೊಂಡಿರುವ ಸಂಗೀತದ ಮಾತುಗಳಿಗಾಗಿಯೇ ಓದಿದವರು ನಮ್ಮ ದೇಶದಲ್ಲಿ ಹೆಚ್ಚು ಮಂದಿಯಿಲ್ಲ. ಇರುವ ಕೆಲವರಲ್ಲಿ ಮೊದಲು ನೆನಪಾಗುವ ಹೆಸರು ಪ್ರೊಫೆಸರ್ ಜಯಾನಂದ ಕಲ್ಕೂರರದು. ಆ ನಾಟಕಗಳಲ್ಲಿ ರಾಜ್ಯ ಹದಗೆಟ್ಟರೆ ವಾದ್ಯದ ಶ್ರುತಿ ಕೆಟ್ಟಿತೆನ್ನುತ್ತಾರೆ. ಗಂಡ ಹೆಂಡಿರು ಕೂಡಿ ಬಾಳಿದರೆ ಎರಡು ತಂತಿಗಳು ಕೂಡಿ ನುಡಿದವೆನ್ನುತ್ತಾರೆ. ಮನಸ್ಸು ಕದಡಿದವನನ್ನು ಬಿರಡೆ ಸಡಿಲಾದ ವಾದ್ಯಕ್ಕೆ ಹೋಲಿಸುತ್ತಾರೆ. ಇವನ್ನೆಲ್ಲ ಅಲಂಕಾರವೆಂದು ಅಂಚಿನಲ್ಲಿ ಗೀಟು ಹಾಕಿ ಮುಂದಿನ ಪುಟಕ್ಕೆ ಹೋಗುವವರೇ ನಮ್ಮಲ್ಲಿ ಬಹಳ. ಹಾಗಲ್ಲಪ್ಪಾ, ಆ ನಾಟಕಕಾರರು ಕಿವಿಯಿಂದಲೇ ಯೋಚಿಸುತ್ತಿದ್ದರು, ಕಿವಿಯಿಲ್ಲದೆ ಅವರನ್ನು ಓದುವುದು ಅರ್ಧ ಓದು ಎಂದು ಪಟ್ಟು ಹಿಡಿದು ತೋರಿಸಿದವರು ಕಲ್ಕೂರರು. ದೆಹಲಿಯ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿ ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವ ಈ ಸಂಪುಟದಲ್ಲಿ ಅವರ ಪಾಂಡಿತ್ಯವನ್ನು ಅಳೆಯುವ ಲೇಖನಗಳು ಬೇಕಾದಷ್ಟಿವೆ. ಇಲ್ಲಿ ಹೇಳಹೊರಟಿರುವುದು ಅವರ ಶಿಷ್ಯೆ ಧಾರಿಣಿಯ ಕಥೆ. ಅದನ್ನು ಬಲ್ಲವರಿಗೆ ಮೇಷ್ಟ್ರು ಬೇರೆಯದೇ ಎತ್ತರದಲ್ಲಿ ಕಾಣುತ್ತಾರೆ.

ಕಲ್ಕೂರರ ತಂದೆ ಉಡುಪಿ ಕಡೆಯಿಂದ ದೆಹಲಿಗೆ ಬಂದು ಕರೋಲ್ ಬಾಗಿನಲ್ಲಿ ಹೋಟೆಲು ನಡೆಸಿದವರು. ಕೆಳಗೆ ಸಾಂಬಾರಿನ ಘಮ, ಮೇಲೆ ಮನೆಯಲ್ಲಿ ತಾಯಿಯ ತಂಬೂರಿ ಮತ್ತು ದೇವರನಾಮ. ಆ ಮನೆಯ ಹುಡುಗ ಇಂಗ್ಲಿಷ್ ನಾಟಕಗಳಿಗೆ ಮನಸೋತಿದ್ದು ಅಪ್ಪನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲವಂತೆ. ದೋಸೆಕಲ್ಲಿನ ಮುಂದೆ ನಿಲ್ಲಬೇಕಾದವನು ಯಾವುದೋ ರಾಜನ ಗೋಳು ಓದುತ್ತಾ ಕೂತಿದ್ದಾನೆ ಎಂದು ಗಲ್ಲಾದ ಮುಂದೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಮಗ ಮಾತ್ರ ಎರಡನ್ನೂ ಬಿಡಲಿಲ್ಲ, ತಂಬೂರಿಯನ್ನೂ ನಾಟಕವನ್ನೂ.

ಧಾರಿಣಿ ಮೇಷ್ಟ್ರನ್ನು ಮೊದಲು ಕಂಡದ್ದು ತರಗತಿಯಲ್ಲಿ. ಚಿತ್ರದುರ್ಗದ ಹುಡುಗಿ; ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸಾದವಳು; ಐಎಎಸ್ ಮಾಡಲೆಂದು ಮನೆಯವರು ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗಿಗೆ ಕಳಿಸಿದ್ದರು. ಪರೀಕ್ಷೆ ಕೈಕೊಟ್ಟ ಮೇಲೆ, ಊರಿಗೆ ಹೋಗಲು ಮುಖವಿಲ್ಲದೆ, ಇಂಗ್ಲಿಷ್ ಎಂ.ಎ. ಸೇರಿಕೊಂಡಿದ್ದಳು. ಆ ದಿನ ಮೇಷ್ಟ್ರು ಎರಡು ತಂಬೂರಿ ಹೊತ್ತು ಬಂದಿದ್ದರು. ಮೆಟ್ರೋ ನಿಲ್ದಾಣದಲ್ಲಿ ತಪಾಸಣೆಯವನು, ಇದರೊಳಗೆ ಏನಿದೆ ಎಂದು ಗದರಿದನಂತೆ. "ಹವಾ ಹೈ, ಭಾಯೀಸಾಬ್" ಅಂದೆ, ಬಿಟ್ಟ ಎಂದು ಹೇಳಿ ತರಗತಿಯನ್ನು ನಗಿಸಿದರು. ಆಮೇಲೆ ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿ, ಒಂದರ ತಂತಿಯ ಮೇಲೆ ಮಡಿಸಿದ ಕಾಗದದ ಚೂರನ್ನು ಕೂರಿಸಿ, ದೂರದಲ್ಲಿದ್ದ ಇನ್ನೊಂದನ್ನು ಮೀಟಿದರು. ಯಾರೂ ಮುಟ್ಟದ ತಂತಿಯ ಮೇಲೆ ಕಾಗದ ನಡುಗಿತು, ಕುಪ್ಪಳಿಸಿತು, ಕೆಳಗೆ ಬಿತ್ತು. "ಒಬ್ಬರ ನೋವಿಗೆ ಇನ್ನೊಬ್ಬರ ಎದೆ ನುಡಿಯಿತು ಎಂದು ಈ ನಾಟಕಗಳಲ್ಲಿ ಬಂದಾಗ, ಬರೆದವನು ಇದನ್ನು ಕಣ್ಣಾರೆ ಕಂಡಿದ್ದ. ಈಗ ಪುಸ್ತಕ ತೆಗೀರಿ" ಎಂದರು. ಧಾರಿಣಿ ಆ ಸಂಜೆಯೇ ಕೋಚಿಂಗಿನ ಪುಸ್ತಕಗಳನ್ನು ಕಟ್ಟಿ, ಪಕ್ಕದ ಕೋಣೆಯವಳಿಗೆ ಕೊಟ್ಟುಬಿಟ್ಟಳು.

ಮುಂದೆ ಅವರ ಬಳಿಯೇ ಸಂಶೋಧನೆಗೆ ಸೇರಿದಳು. ಡೆಂಗ್ಯೂ ಬಂದು ಹಾಸಿಗೆ ಹಿಡಿದಾಗ ಮೇಷ್ಟ್ರು ಕ್ಯಾರಿಯರಿನಲ್ಲಿ ಸಾರನ್ನ ತುಂಬಿಕೊಂಡು, ಕಿರಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದನ್ನು ಇವತ್ತಿಗೂ ಹೇಳಿಕೊಳ್ಳುತ್ತಾಳೆ. "ಅಧ್ಯಾಯ ಕೇಳೋಕೆ ಬಂದಿಲ್ಲ ಮಾರಾಯ್ತಿ, ಹೆದರಬೇಡ" ಎಂದಿದ್ದರಂತೆ. ದೆಹಲಿಗೆ ಬಂದ ನಮ್ಮ ಮಕ್ಕಳಲ್ಲಿ ಅವರ ಕ್ಯಾರಿಯರಿನ ಸಾರು ಉಣ್ಣದವರು ಕಡಿಮೆ.

ಇನ್ನು ಅವರ ಮೊದಲ ಪುಸ್ತಕದ ವಿಷಯ. ಅದು ಅವರಿಗೆ ಹೆಸರು ತಂದಿತ್ತು. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅದನ್ನೇ ಓದಿಸುತ್ತಿದ್ದರು. ಅದರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಆ ನಾಟಕಗಳಲ್ಲಿ ರಾಜ್ಯವೆಂಬುದು ಒಂದು ಸಂಗೀತ, ರಾಜನೇ ಅದರ ಆಧಾರ ಶ್ರುತಿ, ಮಿಕ್ಕವರೆಲ್ಲ ಆ ಷಡ್ಜಕ್ಕೆ ತಮ್ಮನ್ನು ಹೊಂದಿಸಿಕೊಂಡರೆ ಶಾಂತಿ, ಇಲ್ಲವಾದರೆ ದಂಗೆ. ಎಷ್ಟು ಸೊಗಸಾಗಿದೆ ನೋಡಿ! ನಾವೆಲ್ಲ ತಲೆದೂಗಿದ್ದೆವು. ತಂಬೂರಿಯ ನಾದ ಕೇಳುತ್ತಾ ಬೆಳೆದ ಧಾರಿಣಿಯಂತೂ ಅದನ್ನು ಎರಡನೆಯ ಮಾತಿಲ್ಲದೆ ನಂಬಿದಳು, ತನ್ನ ಇಡೀ ಪ್ರಬಂಧವನ್ನು ಅದರ ಮೇಲೆಯೇ ಕಟ್ಟಿದಳು.

ಅವಳ ಬದುಕು ಆಗ ತೂಗಾಡುತ್ತಿತ್ತು. ಘಾಜಿಯಾಬಾದಿನಲ್ಲಿ ಅಗ್ಗದ ಬಾಡಿಗೆಯ ಮನೆ, ಕಾಲೇಜೊಂದರಲ್ಲಿ ತಾತ್ಕಾಲಿಕ ಕೆಲಸ. ಪಿಎಚ್.ಡಿ. ಪದವಿ ಕೈಗೆ ಬಾರದಿದ್ದರೆ ಆ ಕೆಲಸವೂ ಮುಂದುವರಿಯುವುದಿಲ್ಲವೆಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿದ್ದರು. ಕೆಲಸ ಹೋದರೆ ದೆಹಲಿ ಹೋಯಿತು, ಓದೂ ಹೋಯಿತು.

ಮೌಖಿಕ ಪರೀಕ್ಷೆಯ ದಿನ ಬಂತು. ವಿಭಾಗದ ಪದ್ಧತಿಯಂತೆ ಯಾರು ಬೇಕಾದರೂ ಬಂದು ಕೂರಬಹುದು. ಅಭ್ಯರ್ಥಿಯೇ ಎಲ್ಲರಿಗೂ ಸಮೋಸಾ, ಗುಲಾಬ್ ಜಾಮೂನು ತರಿಸಿಟ್ಟಿರಬೇಕು. ಹೊರಗಿನ ಪರೀಕ್ಷಕಿ ಪ್ರೊಫೆಸರ್ ನಿಹಾರಿಕಾ ಸೇನ್ ಕೋಲ್ಕತ್ತದಿಂದ ಬಂದಿದ್ದರು. ಅವರು ಪ್ರಬಂಧವನ್ನು ಮೆಚ್ಚಿಕೊಂಡೇ ಮಾತು ಶುರು ಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ನೀವು ಹೇಳುವ ಈ ಆಧಾರ ಶ್ರುತಿ ಅವರ ಸಂಗೀತದಲ್ಲಿ ಎಲ್ಲಿದೆ? ಈ ನಾಟಕಕಾರರು ಕೇಳಿ ಬೆಳೆದ ಹಾಡಿನಲ್ಲಿ ನಾಲ್ಕು ಜನ ಒಟ್ಟಿಗೆ ನಾಲ್ಕು ಬೇರೆ ಬೇರೆ ಸ್ವರಗಳಲ್ಲಿ ನಡೆಯುತ್ತಾರೆ. ಎಲ್ಲರೂ ರಾಜನ ಸ್ವರಕ್ಕೆ ಬಂದು ಕೂತರೆ ಅಲ್ಲಿ ಸಂಗೀತವೇ ನಿಂತುಹೋಗುತ್ತದಲ್ಲ?"

ತಂಬೂರಿಯಿಲ್ಲದ ಸಂಗೀತವನ್ನು ಧಾರಿಣಿ ಎಂದೂ ಕಲ್ಪಿಸಿಕೊಂಡಿರಲಿಲ್ಲ. ಲಂಡನ್ನಿನ ರಂಗದ ಹಿಂದೆ ತನ್ನ ಚಿತ್ರದುರ್ಗದ ಶ್ರುತಿಪೆಟ್ಟಿಗೆಯನ್ನು ಇಟ್ಟುಕೊಂಡೇ ಅಷ್ಟೂ ಅಧ್ಯಾಯಗಳನ್ನು ಬರೆದಿದ್ದಳು. ಇಂಗ್ಲೆಂಡಿನ ವಿದ್ವಾಂಸ ಈ ತಪ್ಪು ಮಾಡಲಾರ. ನಮ್ಮ ಕಡೆಯ ಕಿವಿಗಷ್ಟೇ ಇದು ಸಾಧ್ಯ.

ಆಗ ಕಲ್ಕೂರರು ಎದ್ದು ನಿಂತರು. ಮಾರ್ಗದರ್ಶಕರು ಅಲ್ಲಿ ಬಾಯಿ ತೆರೆಯುವ ಹಾಗಿಲ್ಲ. "ಕ್ಷಮಿಸಿ, ಈ ತಪ್ಪು ಈಕೆಯದಲ್ಲ. ನನ್ನ ಪುಸ್ತಕದ್ದು. ಈಕೆ ನನ್ನನ್ನು ನಂಬಿದ್ದಾಳೆ, ಅಷ್ಟೆ. ನೀವು ಹೇಳಿದ್ದು ಸರಿ, ನಾನು ಬರೆದದ್ದು ತಪ್ಪು" ಎಂದರು. ಸಭೆಯಲ್ಲಿ ಆ ಪುಸ್ತಕವನ್ನು ವರ್ಷಗಟ್ಟಲೆ ಪಾಠ ಮಾಡಿದ ಪ್ರಾಧ್ಯಾಪಕರಿದ್ದರು, ಅದನ್ನೇ ಓದಿ ಪದವಿ ಪಡೆದವರಿದ್ದರು. ಒಬ್ಬರೂ ಸಮೋಸಾದ ತಟ್ಟೆಗೆ ಕೈ ಹಾಕಲಿಲ್ಲ. ದೊಡ್ಡವರು ತಪ್ಪು ಒಪ್ಪಿಕೊಳ್ಳುವಾಗ ಹತ್ತು 'ಆದರೆ'ಗಳನ್ನು ಸೇರಿಸುವುದನ್ನು ನಾವು ಕಂಡಿದ್ದೇವೆ. ಇವರು ಒಂದನ್ನೂ ಸೇರಿಸಲಿಲ್ಲ. ಸಮಿತಿ ಧಾರಿಣಿಗೆ ಒಂದು ವರ್ಷ ಕೊಟ್ಟಿತು: ತಿದ್ದಿ ಬರೆಯಬೇಕು, ಮತ್ತೆ ಪರೀಕ್ಷೆಗೆ ಕೂರಬೇಕು, ಆಗಲೂ ಒಪ್ಪಿಗೆಯಾಗದಿದ್ದರೆ ಮುಗಿಯಿತು. ಕಾಲೇಜಿನವರೂ ಆ ಒಂದು ವರ್ಷ ಮಾತ್ರ ಕಾಯಲು ಒಪ್ಪಿದರು.

ಧಾರಿಣಿಗೆ ಆ ಹೊತ್ತಿನಲ್ಲಿ ಗುರುಭಕ್ತಿಯೇನೂ ಉಕ್ಕಲಿಲ್ಲ, ಸಿಟ್ಟು ಬಂತು. ಮೆಟ್ಟಿಲ ಮೇಲೆ ಅವರನ್ನು ತಡೆದು ಕೇಳಿಯೇಬಿಟ್ಟಳು: "ನಿಮಗೇನು ಸರ್, ಪುಸ್ತಕ ಬಂದು ಹೆಸರಾಗಿ ಎಷ್ಟೋ ವರ್ಷ ಆಯ್ತು. ತಪ್ಪಾಯ್ತು ಅಂದ್ರಿ, ಎಲ್ಲರೂ ಅಚ್ಛಾ ಅಚ್ಛಾ ಅಂದ್ರು. ನನ್ನ ಗತಿ ಏನು?"

"ನೀನು ಹೇಳಿದ್ದು ನಿಜ," ಎಂದರು ಮೇಷ್ಟ್ರು. "ನನ್ನ ಹತ್ರ ಈಗ ಉತ್ತರ ಇಲ್ಲ ಮಗಾ. ನನ್ನ ಕಿವಿಗೇ ಗೊತ್ತಿಲ್ಲದ್ದನ್ನ ನಿನಗೆ ಹ್ಯಾಗೆ ಹೇಳಿಕೊಡಲಿ? ಚಲೋ, ಶನಿವಾರ ನನ್ನ ಜೊತೆ ಬಾ. ಇಬ್ಬರೂ ಮೊದಲಿಂದ ಕಲಿಯೋಣ."

ಶನಿವಾರ ಅವರು ಅವಳನ್ನು ಕರೆದೊಯ್ದದ್ದು ಒಂದು ಚರ್ಚಿನ ಹಿಂದಿನ ಸಭಾಂಗಣಕ್ಕೆ. ಅಲ್ಲಿ ಮಂಗಳೂರಿನ ಅಮಿತಾ ಪಿಂಟೊ, ಶಾಲೆಯೊಂದರ ಸಂಗೀತದ ಟೀಚರು, ಗಾಯನ ವೃಂದಕ್ಕೆ ಅಭ್ಯಾಸ ಮಾಡಿಸುತ್ತಿದ್ದರು. ಮೇಲಿನ ಹೆಣ್ಣು ಧ್ವನಿ, ಕೆಳಗಿನ ಹೆಣ್ಣು ಧ್ವನಿ, ಮೇಲಿನ ಗಂಡು ಧ್ವನಿ, ಕೆಳಗಿನ ಗಂಡು ಧ್ವನಿ ಎಂದು ನಾಲ್ಕು ಸಾಲು. ಒಂದೊಂದು ಸಾಲಿಗೂ ಬೇರೆ ಧಾಟಿ. ಅರವತ್ತು ದಾಟಿದ ಪ್ರೊಫೆಸರು ಕೆಳಗಿನ ಗಂಡು ಧ್ವನಿಯ ಸಾಲಿನಲ್ಲಿ, ಕಾಲೇಜು ಹುಡುಗರ ಪಕ್ಕ, ಕೈಕಟ್ಟಿ ನಿಂತರು. ಧಾರಿಣಿ ಕೆಳಗಿನ ಹೆಣ್ಣು ಧ್ವನಿಗೆ ಸೇರಿದಳು.

ದೇವರೇ, ಎಂಥ ಫಜೀತಿ! ಹುಟ್ಟಿದಾಗಿನಿಂದ ಒಂದೇ ಶ್ರುತಿಗೆ ಕೂಡುವುದನ್ನು ಕಲಿತ ಕಂಠ, ಪಕ್ಕದವರು ಬೇರೇನೋ ಹಾಡಿದರೆ ಸುಮ್ಮನಿರುತ್ತದೆಯೇ? ಎರಡು ಸಾಲು ಮುಗಿಯುವುದರೊಳಗೆ ಮೇಷ್ಟ್ರ ದನಿ ಸೀದಾ ಮೇಲಿನವರ ರಾಗಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಅಮಿತಾ ಟೀಚರು ಕೈಯೆತ್ತಿ ನಿಲ್ಲಿಸುತ್ತಿದ್ದರು. "ಎಂತ ಸರ್, ಪುನಃ ಪಕ್ಕದ ಮನೆಗೆ ಹೋದ್ರಲ್ಲ? ನಿಮ್ಮ ಮನೆಯಲ್ಲೇ ಇರಿ ಮಾರಾಯ್ರೆ!" ಎನ್ನುತ್ತಿದ್ದರು. "ಆಯ್ತು ಟೀಚರ್, ಬಾಗಿಲು ಹಾಕಿಕೊಳ್ತೇನೆ" ಎಂದು ಮೇಷ್ಟ್ರು ಮತ್ತೆ ಶುರು ಮಾಡುತ್ತಿದ್ದರು. ಮನೆಯಲ್ಲಿ ಅವರ ಪತ್ನಿ ರತ್ನಾ ಅಡುಗೆ ಮಾಡುತ್ತಲೇ ಮೇಲಿನ ಧಾಟಿಯನ್ನು ಹಾಡುವುದು, ಇವರು ಬಾಗಿಲಲ್ಲಿ ನಿಂತು ತಮ್ಮದನ್ನು ಹಿಡಿದುಕೊಂಡಿರಲು ಒದ್ದಾಡುವುದು. "ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ನೋಡಿ" ಎಂದು ರತ್ನಾ ನಗುತ್ತಿದ್ದರು, ಆದರೂ ಹಾಡು ನಿಲ್ಲಿಸುತ್ತಿರಲಿಲ್ಲ.

ತಿಂಗಳುಗಳು ಉರುಳಿದವು. ಒಂದು ಶನಿವಾರ, ಚಳಿಗಾಲದ ಮಧ್ಯಾಹ್ನ, ನಾಲ್ಕು ಧ್ವನಿಗಳೂ ತಮ್ಮ ತಮ್ಮ ದಾರಿಯಲ್ಲಿ ನಡೆದು ಒಂದು ತಾವಿನಲ್ಲಿ ಕೂಡಿದವು. ಧಾರಿಣಿಗೆ ಮೈ ಜುಮ್ಮೆಂದಿತು. ಯಾರೂ ಯಾರಿಗೂ ಸೋತಿರಲಿಲ್ಲ, ಯಾರ ಸ್ವರವೂ ಇನ್ನೊಬ್ಬರದಾಗಿರಲಿಲ್ಲ, ಆದರೂ ಎಲ್ಲವೂ ಕೂಡಿತ್ತು. ಪಕ್ಕಕ್ಕೆ ತಿರುಗಿದರೆ ಮೇಷ್ಟ್ರ ಕಣ್ಣು ತುಂಬಿತ್ತು. "ಇದು ನನಗೆ ಗೊತ್ತೇ ಇರಲಿಲ್ಲವಲ್ಲ" ಎಂದಷ್ಟೇ ಹೇಳಿದರು. ಆ ನಾಟಕಗಳ ಬಗ್ಗೆ ಅಷ್ಟು ವರ್ಷ ಬರೆದವರು, ಮೊದಲ ಸಲ ಕೇಳಿಸಿಕೊಂಡ ಹುಡುಗನಂತೆ ನಿಂತಿದ್ದರು. ಆ ವಾರವೇ ಪ್ರಕಾಶಕರು ಹಳೆಯ ಪುಸ್ತಕದ ಹೊಸ ಮುದ್ರಣ ಕೇಳಿದಾಗ ಬೇಡವೆಂದರು; ಬದಲಿಗೆ ತಮ್ಮ ಪುಸ್ತಕದ ವಿರುದ್ಧವೇ ದೀರ್ಘ ಲೇಖನವೊಂದನ್ನು ಬರೆದು ಪ್ರಕಟಿಸಿದರು. ಧಾರಿಣಿ ಇತ್ತ ತನ್ನ ಪ್ರಬಂಧವನ್ನು ಬುಡದಿಂದ ಮತ್ತೆ ಬರೆದಳು. ರಾಜ್ಯ ಕೂಡಿ ನುಡಿಯುವುದೆಂದರೆ ಎಲ್ಲರೂ ಒಬ್ಬನ ಸ್ವರಕ್ಕೆ ಬರುವುದಲ್ಲ, ತನ್ನದನ್ನು ಬಿಡದೆ ಮಿಕ್ಕವರನ್ನು ಕೇಳುವುದು ಎಂಬುದು ಅವಳ ಹೊಸ ವಾದ. ಒಬ್ಬರು ತಮ್ಮ ಸ್ವರ ಬಿಟ್ಟು ದೊಡ್ಡವರ ಸ್ವರಕ್ಕೆ ಸೇರಿಕೊಂಡರೆ ಗದ್ದಲವೇನೂ ಆಗುವುದಿಲ್ಲ, ಸಂಗೀತ ಬಡವಾಗುತ್ತದೆ ಎಂದು ಮೂರನೆಯ ಅಧ್ಯಾಯದಲ್ಲಿ ಬರೆದಳು.

ಎರಡನೆಯ ಪರೀಕ್ಷೆಗೂ ನಿಹಾರಿಕಾ ಸೇನ್ ಅವರೇ ಬಂದರು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು: "ಚೆನ್ನಾಗಿ ಬರೆದಿದ್ದೀರಿ. ಆದರೆ ಕಳೆದ ಸಲವೂ ಚೆನ್ನಾಗಿಯೇ ಬರೆದಿದ್ದಿರಿ. ಇದು ನಿಮ್ಮ ಕಿವಿಗೆ ಗೊತ್ತೋ, ಅಥವಾ ಈ ಸಲ ನನ್ನನ್ನು ನಂಬಿ ಬರೆದಿರೋ? ಸಾಧ್ಯವಾದರೆ ಕೇಳಿಸಿ."

ಪ್ರೇಕ್ಷಕರಲ್ಲಿ ಕೂತಿದ್ದ ಅಮಿತಾ ಟೀಚರು ಎದ್ದರು. ಅವರ ಜೊತೆ ಬಂದಿದ್ದ ವೃಂದದ ಗಾಯಕ, ಎಂಜಿನಿಯರ್ ಪವನ್ ಎದ್ದ. ಸಮಿತಿಯ ಅನುಮತಿ ಕೇಳಿ ಕಲ್ಕೂರರೂ ಎದ್ದರು. ನಾಲ್ಕು ಧ್ವನಿಗೆ ನಾಲ್ಕೇ ಜನ. ಪಕ್ಕದವರ ಆಸರೆ ಯಾರಿಗೂ ಇಲ್ಲ. ಹಾಡು ಅರ್ಧದವರೆಗೆ ನೆಟ್ಟಗೆ ನಡೆಯಿತು. ಆಮೇಲೆ ಧಾರಿಣಿಗೆ ದಾರಿ ತಪ್ಪಿತು. ತಪ್ಪಿದ ಕಂಠ ಎಲ್ಲಿಗೆ ಹೋಗುತ್ತದೆ? ಎಲ್ಲಕ್ಕಿಂತ ಕೆಳಗೆ, ತಂಬೂರಿಯಂತೆ ಗಂಭೀರವಾಗಿ ನುಡಿಯುತ್ತಿದ್ದ ಗುರುವಿನ ಸ್ವರವನ್ನೇ ಒಂದು ಸ್ಥಾಯಿ ಮೇಲಿನಿಂದ ಹಿಡಿದುಕೊಂಡಿತು. ಕೇಳಲು ಹಿತವಾಗಿಯೇ ಇತ್ತು. ಆದರೆ ನಾಲ್ಕು ಇದ್ದಲ್ಲಿ ಮೂರು ಉಳಿದಿತ್ತು.

ಕಲ್ಕೂರರಿಗೆ ಅವಳ ಧಾಟಿ ಬಾಯಿಪಾಠವಾಗಿತ್ತು. ಒಂದು ಕ್ಷಣ ಅದನ್ನು ಗುನುಗಿ ಕೊಟ್ಟಿದ್ದರೆ ಅವಳಿಗೆ ದಾರಿ ಸಿಗುತ್ತಿತ್ತು. ಅವರು ಕೊಡಲಿಲ್ಲ. ಅವಳತ್ತ ತಿರುಗಲೂ ಇಲ್ಲ. ಕಣ್ಣು ಮುಚ್ಚಿ, ಕೈ ಕಟ್ಟಿ, ತಮ್ಮ ಸ್ವರದಲ್ಲಿ ಕಂಬದಂತೆ ನಿಂತರು. ತನ್ನ ಜಾಗ ಖಾಲಿ ಬಿದ್ದಿರುವುದು ಧಾರಿಣಿಗೆ ಆಗ ಕೇಳಿಸಿತು. ಅವಳು ಗುರುವಿನ ಸ್ವರವನ್ನು ಬಿಟ್ಟಳು, ತಡವರಿಸಿದಳು, ತನ್ನದಕ್ಕೆ ಹತ್ತಿದಳು. ಹಾಡು ಮತ್ತೆ ತುಂಬಿಕೊಂಡು ಕೊನೆಯವರೆಗೂ ಹೋಯಿತು.

ಧಾರಿಣಿ, ಎಲ್ಲ ಮುಗಿಯಿತೆಂದು, ತಲೆ ತಗ್ಗಿಸಿ ನಿಂತಿದ್ದಳು. ನಿಹಾರಿಕಾ ಸೇನ್ ಕನ್ನಡಕ ಹಾಕಿಕೊಂಡು ಸಹಿ ಮಾಡುತ್ತಾ ಹೇಳಿದರು: "ನಡುವೆ ಸ್ವಲ್ಪ ಹೊತ್ತು ನೀವು ಕಾಣೆಯಾಗಿದ್ದಿರಿ ಡಾಕ್ಟರ್ ಧಾರಿಣಿ. ನಿಮ್ಮ ಮೂರನೆಯ ಅಧ್ಯಾಯ ನನಗೆ ಅರ್ಥವಾದದ್ದು ಆಗಲೇ."

ಇಂಥ ಗುರುಗಳು ಈಗ ಸೇವೆಯಿಂದ ಬಿಡುಗಡೆಯಾಗುತ್ತಿದ್ದಾರೆ. ತಮ್ಮ ಮೊದಲ ಪುಸ್ತಕಕ್ಕೆ ಉತ್ತರವಾಗಿ ಅವರು ಬರೆಯುತ್ತಿರುವ ದೊಡ್ಡ ಗ್ರಂಥ ಅರ್ಧಕ್ಕೆ ಬಂದಿದೆ. ಅದರ ಕರಡಿನ ಮೇಲೆ ಧಾರಿಣಿ ಪುಟಪುಟಕ್ಕೂ ತಕರಾರು ಬರೆದು ಕಳಿಸುತ್ತಿದ್ದಾಳೆ, ಅವರು ಒಂದಕ್ಕೂ ಸುಲಭವಾಗಿ ಮಣಿಯುತ್ತಿಲ್ಲ. ಆ ಜಗಳ ಬೇಗ ಮುಗಿಯದಿರಲಿ. ಅದನ್ನು ಆಡಿ ಮುಗಿಸುವಷ್ಟು ಆಯುಸ್ಸನ್ನೂ, ಶನಿವಾರಗಳಂದು ನಿಂತು ಹಾಡುವಷ್ಟು ಕಸುವನ್ನೂ ಭಗವಂತ ನಮ್ಮ ಮೇಷ್ಟ್ರಿಗೆ ಧಾರಾಳವಾಗಿ ಕೊಡಲಿ.