ನಲವತ್ತೆರಡನೆಯ ಮನೆ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನನಗೆ ನಂಬುವುದಕ್ಕೆ ಪುರುಸೊತ್ತೂ ಇರಲಿಲ್ಲ. ಯಾರಾದರೂ ಬಂದು, "ತಾನಾಗೇ ಆಫಾಯ್ತದೆ, ಏನೋ ಐತೆ ಕಣಣ್ಣ" ಅಂದರೆ ಪ್ಲಗ್ಗು ಅಲ್ಲಾಡಿಸಿ ತೋರಿಸಿ, ಇದೇ ನೋಡು ನಿನ್ನ ದೆವ್ವ ಎಂದು ಗೇಲಿ ಮಾಡುತ್ತಿದ್ದೆ. ಆ ಗೇಲಿ ನಿಂತದ್ದು ಹಂಪಾಪುರದ ಕಡೆಯ ಒಬ್ಬ ಮೇಷ್ಟ್ರ ಮನೆಯಲ್ಲಿ. ನೀವು ನಂಬಲೇಬೇಕೆಂದು ನಾನು ಹಟ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮೇಷ್ಟ್ರು ಹಿನ್ನೀರಿನಲ್ಲಿ ಮುಳುಗಿಹೋದ ಒಂದು ಸಣ್ಣ ಊರಿನವರು. ಆ ಊರಿನವರು ಚದುರಿಹೋದ ಮೇಲೂ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ನೀರಿನ ದಡದಲ್ಲಿ ಸೇರಿ, ಒಂದೊಂದೇ ಮನೆಯ ಹಿರಿಯರ ಹೆಸರು ಕೂಗಿ, ಮನೆಗೊಂದು ಎಲೆ ಹಾಕಿ ಎಡೆ ಇಡುತ್ತಿದ್ದರು. ಕೂಗುವವರು ಮೇಷ್ಟ್ರು. ಒಟ್ಟು ನಲವತ್ತೊಂದು ಮನೆ. ಕೆಲವು ಮನೆಗಳಿಗೆ ಹಿಂದೆ ಮುಂದೆ ಯಾರೂ ಉಳಿದಿರಲಿಲ್ಲ. ಮೇಷ್ಟ್ರು ಹೆಸರು ಕೂಗಿದರೆ ಅವರಿಗೆ ಒಂದು ತುತ್ತು, ಇಲ್ಲದಿದ್ದರೆ ಅದೂ ಇಲ್ಲ.

ಮರೆವು ಶುರುವಾಗಿದೆ ಎಂದು ತಮಗೇ ಗೊತ್ತಾದಾಗ ಮೇಷ್ಟ್ರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರು. ಮೈಸೂರಿನ ಯಾವುದೋ ಕಚೇರಿ ತೆಗೆದುಹಾಕಿದ ಹಳೆಯ ಯಂತ್ರವನ್ನು ಮಗಳು ತಂದುಕೊಟ್ಟಿದ್ದಳು. ಮನೆಗೊಂದು ಫೈಲು. ಯಜಮಾನ, ಹೆಂಡತಿ, ಮಕ್ಕಳು, ಅಂಗಳದಲ್ಲಿ ಇದ್ದ ಮರ, ಬಾಗಿಲು ಯಾವ ದಿಕ್ಕಿಗೆ, ಎಲ್ಲ ವಿವರ. ಆ ಯಂತ್ರದಲ್ಲೊಂದು ಟೇಪ್ ಡ್ರೈವ್ ಕೂಡ ಇತ್ತು. ಹಾಡಿನ ಕ್ಯಾಸೆಟ್ಟಿಗಿಂತ ದಪ್ಪನೆಯ ಒಂದು ಕ್ಯಾಸೆಟ್ ಹಾಕಿದರೆ ಕಂಪ್ಯೂಟರಿನಲ್ಲಿ ಇರುವುದೆಲ್ಲ ಅದರಲ್ಲಿ ನಕಲಾಗುತ್ತದೆ. ಆ ವರ್ಷ ಅಮಾವಾಸ್ಯೆಗೆ ಎರಡು ದಿನ ಮುಂಚೆ ಹಾರ್ಡ್ ಡಿಸ್ಕ್ ಸತ್ತುಹೋಯಿತು. ಉಳಿದದ್ದು ಆ ಒಂದು ಟೇಪು. ಅದನ್ನು ಓದಬೇಕಾದ ಡ್ರೈವೂ ಕೈಕೊಟ್ಟಿತ್ತು.

ನಾನು ಹೋದದ್ದು ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ. ಮೇಷ್ಟ್ರು ಬಾಯಲ್ಲಿ ಲೆಕ್ಕ ಹಾಕಿ ಹಾಕಿ ಮೂವತ್ತೆರಡು ಮನೆಗೆ ಬಂದು ನಿಂತಿದ್ದರು. ಮುಂದಕ್ಕೆ ಹೋಗಲಾಗದೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಡ್ರೈವ್ ಬಿಚ್ಚಿ ನೋಡಿದೆ. ಟೇಪನ್ನು ಎಳೆಯುವ ಸಣ್ಣ ರಬ್ಬರ್ ಉರುಳೆ ಕರಗಿ ಡಾಂಬರಿನ ಹಾಗೆ ಅಂಟಂಟಾಗಿತ್ತು. ಹಳೆಯ ಡ್ರೈವುಗಳಿಗೆ ಬರುವ ಮಾಮೂಲಿ ಕಾಯಿಲೆ ಅದು. ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಸೈಕಲ್ ಅಂಗಡಿಯಿಂದ ವಾಲ್ ಟ್ಯೂಬ್ ಎನ್ನುವ ಸಣ್ಣ ರಬ್ಬರ್ ನಳಿಗೆ ತರಿಸಿ, ಒಂದು ತುಂಡು ಕತ್ತರಿಸಿ ಆ ಜಾಗಕ್ಕೆ ಹಾಕಿದೆ. ಬೇರೆ ಡಿಸ್ಕ್ ಕೂರಿಸಿ, ಟೇಪನ್ನು ಒಂದು ಸಲ ಪೂರ್ತಿ ಹಿಂದಕ್ಕೂ ಮುಂದಕ್ಕೂ ಸುತ್ತಿಸಿದೆ. ಮಧ್ಯಾಹ್ನದ ಹೊತ್ತಿಗೆ ಫೈಲುಗಳು ಒಂದೊಂದಾಗಿ ಬರತೊಡಗಿದವು. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಹೆಮ್ಮೆಯಾಯಿತು.

ಟೇಪು ನಿಂತಾಗ ನಲವತ್ತೆರಡು ಫೈಲು ಇದ್ದವು.

ಯಾವುದೋ ಎರಡು ಸಲ ಬಂದಿರಬೇಕು ಎಂದುಕೊಂಡು ಕೊನೆಯದನ್ನು ತೆರೆದೆ. ಮೇಷ್ಟ್ರಿಗೆ ಪರದೆಯ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಗಟ್ಟಿಯಾಗಿ ಓದಿದೆ. ಮಿಕ್ಕ ಫೈಲುಗಳೆಲ್ಲ 'ಮನೆ ಯಜಮಾನ' ಎಂದು ಶುರುವಾಗುತ್ತಿದ್ದವು. ಇದು ಹಾಗಿರಲಿಲ್ಲ. "ನಮ್ಮ ಮನೆ ಊರ ಹೊರಗಿರಲಿಲ್ಲ. ಬಾವಿಯ ಪಕ್ಕದಲ್ಲೇ ಇತ್ತು. ಯಜಮಾನ ಸಣ್ಣತಮ್ಮಯ್ಯ..." ಅಷ್ಟಕ್ಕೇ ಮೇಷ್ಟ್ರು ನನ್ನ ತೋಳು ಹಿಡಿದು, "ಸಾಕು" ಅಂದರು. ಮುಂದಿನದನ್ನು ನಾನು ಮನಸ್ಸಿನಲ್ಲೇ ಓದಿಕೊಂಡೆ. ಒಟ್ಟು ಐದು ಹೆಸರು. ಕೊನೆಯದು ಎಂಟು ತಿಂಗಳ ಒಂದು ಮಗುವಿನದು.

"ನೀನೇನಾರ ಟೈಪ್ ಮಾಡಿದ್ಯೇನಪ್ಪ ಇದ?"

"ನಿಮ್ ಟೇಪಿಂದ ಬಂದದ್ದು ಸಾ. ನಿಮ್ಮೂರ ಎಸ್ರು ನಂಗೇನು ಗೊತ್ತು?"

ಆಮೇಲೆ ಮೇಷ್ಟ್ರು ತಾವೇ ಹೇಳಿದರು. ಸಣ್ಣತಮ್ಮಯ್ಯನ ಮಗ ಬೇರೆ ಜಾತಿಯ ಹೆಣ್ಣನ್ನು ಮನೆಗೆ ಕರೆತಂದನಂತೆ. ಆ ಮನೆಗೆ ಬೆಂಕಿ ನೀರು ಕೊಡಬಾರದೆಂದು ಊರು ತೀರ್ಮಾನ ಮಾಡಿತಂತೆ. ಊರು ಮುಳುಗುವ ಕಾಲಕ್ಕೆ ಬದಲಿ ಜಾಗ ಕೊಡುವ ಸರ್ಕಾರದವರು ಮನೆಗಳ ಪಟ್ಟಿ ಕೇಳಿದಾಗ, ಓದು ಬಲ್ಲವನೆಂದು ಪಟ್ಟಿ ಬರೆದದ್ದು ಮೇಷ್ಟ್ರೇ. ಊರ ಹಿರಿಯರು ಹೇಳಿದ ಹಾಗೆ ನಲವತ್ತೊಂದೇ ಬರೆದರು. ಅವತ್ತಿನಿಂದ ಆ ಊರಿಗೆ ನಲವತ್ತೊಂದೇ ಮನೆ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಾರ್ಗೂ ಕಾಣ್ದಂಗೆ ಆ ಮಗೀಗೆ ಆಲು ಕೊಟ್ಟಿವ್ನಿ ಕಣಪ್ಪ. ಎಸ್ರಿಡೋ ದಿನ ಊರೋರು ಯಾರೂ ಓಗ್ನಿಲ್ಲ. ಏನಂತ ಕರುದ್ರೋ ಒಬ್ರಿಗೂ ಗೊತ್ತಿಲ್ಲ. ಆಮೇಕೆ ಮೂಟೆ ಕಟ್ಕಂಡು ಎತ್ತಗೋ ಒಂಟೋದ್ರು."

ಮೇಷ್ಟ್ರೇ ಹಿಂದೆಂದೋ ಟೈಪ್ ಮಾಡಿ ಮರೆತಿರಬೇಕೆಂದು ಅಲ್ಲಿಯವರೆಗೂ ನನ್ನೊಳಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಮಾತು ಕೇಳಿದ ಮೇಲೆ ಆ ಸಮಾಧಾನವೂ ಉಳಿಯಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು ನನ್ನ ಕಣ್ಣೆದುರಿಗೆ ಇತ್ತು.

"ಅಳಿಸ್ಬುಡು," ಅಂದರು ಮೇಷ್ಟ್ರು. "ನಾಳಿಕ್ ಇದ ಕೂಗುದ್ರೆ ಊರ ದೊಡ್ಡೋರು ಎದ್ದೋಯ್ತರೆ. ಇರೋ ನಲವತ್ತೊಂದ್ ಮನೇಗೂ ಎಡೆ ಇಲ್ದಂಗಾಯ್ತದೆ."

ನಾನು ಅಳಿಸಿದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಎದುರು ಮಾತಾಡಲಿಲ್ಲ, ಒಂದು ಚೀಟಿಯಲ್ಲಿ ಗೀಚಿಟ್ಟುಕೊಳ್ಳುವ ಬುದ್ಧಿಯೂ ಬರಲಿಲ್ಲ. ಭಯವಾಗಿತ್ತು, ಬೇಗ ಮನೆ ಸೇರಿದರೆ ಸಾಕಾಗಿತ್ತು. ನಲವತ್ತೊಂದು ಮನೆಯ ಪ್ರಿಂಟು ತೆಗೆದುಕೊಟ್ಟು ಸಂಜೆಯ ಬಸ್ಸು ಹಿಡಿದೆ.

ವಾರದ ಮೇಲೆ ಮೇಷ್ಟ್ರೇ ಮತ್ತೆ ಹೇಳಿಕಳುಹಿಸಿದರು, ಹೋದೆ. ಅಮಾವಾಸ್ಯೆಯ ದಿನ ಪಟ್ಟಿ ಪೂರ್ತಿ ಓದಿ ಮುಗಿಸಿದರಂತೆ, ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲವಂತೆ. "ಅದ ವಾಪಸ್ ತೆಗ್ದುಕೊಡಪ್ಪ. ಯಾರು ಎದ್ದೋದ್ರೂ ಓಗ್ಲಿ, ಮುಂದಿನ್ ವರ್ಸ ಕೂಗ್ತೀನಿ," ಅಂದರು. ನಾನು ಅಳಿಸಿದ್ದು ಡಿಸ್ಕಿನಿಂದ ಮಾತ್ರ, ಟೇಪಿನಲ್ಲಿದ್ದದ್ದನ್ನು ಮುಟ್ಟಿರಲಿಲ್ಲ. ಅದೇ ಟೇಪು, ಅದೇ ವಾಲ್ ಟ್ಯೂಬು. ಎಲ್ಲೂ ತಡವರಿಸದೆ ಓಡಿತು. ನಲವತ್ತೊಂದು ಫೈಲು ಬಂದವು. ಇನ್ನೊಂದು ಸಲ ಹಾಕಿದೆ, ನಲವತ್ತೊಂದು. ಏನೇನಿದೆಯೆಂದು ಟೇಪಿನಲ್ಲೇ ಒಂದು ಪಟ್ಟಿ ಇರುತ್ತದೆ, ಅದರಲ್ಲೂ ನಲವತ್ತೊಂದೇ. ಅಳಿಸಿದ್ದನ್ನು ಮರಳಿ ತರಲು ನನಗೆ ಗೊತ್ತಿದ್ದ ದಾರಿಗಳೆಲ್ಲ ಮುಗಿದವು. ಮೇಷ್ಟ್ರು ಎದ್ದು ಹಿತ್ತಲ ಕಡೆ ಹೋದರು.

ಆಗ ಅವರ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಓಗ್ಲಿ ಬುಡಪ್ಪ. ನೀನ್ ಓದ್ಕಂಡಿದ್ದಲ್ಲ, ಆ ಮಗೀನೆಸ್ರು ಏನಂತಿತ್ತು?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ.

ಮೇಷ್ಟ್ರೂ ಇಲ್ಲ, ಅವರ ಹೆಂಡತಿಯೂ ಇಲ್ಲ ಈಗ. ಆ ಫೈಲು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಇವತ್ತಿಗೂ ನನಗೆ ತಿಳಿಯದು. ನೆನಪಿರುವಷ್ಟನ್ನಾದರೂ ಇಲ್ಲಿ ಬರೆದುಬಿಡುತ್ತೇನೆ: ಸಣ್ಣತಮ್ಮಯ್ಯ, ದೇವೀರಮ್ಮ, ಬೆಳ್ಳಯ್ಯ. ಇನ್ನೆರಡು ಹೆಸರಿದ್ದವು. ಮಗುವಿನದು ಮೂರಕ್ಷರದ ಹೆಸರು ಅನ್ನಿಸುತ್ತದೆ, ಅದೂ ಖಚಿತವಿಲ್ಲ.