ಹಿಂದಕ್ಕೆ ಕಟ್ಟಿದ ಕೈ

ಕೇರಳದ ಕುಟ್ಟನಾಡಿನ ಹಿನ್ನೀರಿನಲ್ಲಿ ಬಾತುಕೋಳಿ ಸಾಕಿ ಬದುಕುತ್ತಿದ್ದ ತಾಂಡಮ್ಮ ಅಂಬಿಗ ಇತ್ತೂಪನ ದೋಣಿ ಹತ್ತುತ್ತಿರಲಿಲ್ಲ. ಅವಳ ಒಬ್ಬನೇ ಮಗ ಸತ್ತದ್ದು ಆ ದೋಣಿ ಮಗುಚಿ. ಗಾಳಿ ಜೋರಿತ್ತು ಎಂದಿದ್ದ ಇತ್ತೂಪ. ಅಂದಿನಿಂದ ಅವಳು ಗದ್ದೆಯ ಬದು ಹಿಡಿದು ಊರೆಲ್ಲ ಸುತ್ತಿಯೇ ಚರ್ಚಿಗೆ ಬರುತ್ತಿದ್ದಳು.

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಸೋಮವಾರ ಅಲ್ಲಿ ಎಲ್ಲರೂ ಅಂಗೈಗೆ ಅಂಗೈ ಸೇರಿಸಿ ಪರಸ್ಪರ ಕ್ಷಮೆ ಕೇಳುತ್ತಾರೆ. ಇತ್ತೂಪ ಪ್ರತಿವರ್ಷ ಕೇಳುತ್ತಿದ್ದ, ತಾಂಡಮ್ಮ ಅವನ ಅಂಗೈಗೆ ಕೈ ಕೊಡುತ್ತಿದ್ದಳು. ಒಂದು ವರ್ಷ ಮಾತ್ರ ಆ ದಿನಕ್ಕೆ ಮೊದಲೇ ಹೋಗಿ, ಊರವರೆಲ್ಲ 'ಅಚ್ಚಾ' ಎಂದು ಕರೆಯುವ ಪಾದ್ರಿಯ ಮುಂದೆ ಕೂತಳು.

"ಕೈ ಕೊಡ್ತೀನಿ ಅಚ್ಚಾ, ಮನಸ್ಸು ಕೊಡಕ್ಕಾಗ್ತಿಲ್ಲ. ಕ್ಷಮಿಸು ಅಂತಾನೆ, ಏನಕ್ಕೆ ಅಂತ ಒಂದಿನಾನೂ ಹೇಳಿಲ್ಲ."

"ಹಾಗಾದ್ರೆ ಸುಳ್ಳು ಕೈ ಕೊಡಬೇಡಿ. ಅವನನ್ನೇ ಕೇಳಿ," ಎಂದರು ಪಾದ್ರಿ.

ಸೋಮವಾರ ಬಂತು. ಇತ್ತೂಪ ಎಂದಿನಂತೆ ಕೈ ಚಾಚಿದ. "ಕ್ಷಮಿಸು, ಚೇಡತ್ತಿ," ಎಂದ, ಹಿರಿಯಕ್ಕನನ್ನು ಕರೆಯುವಂತೆ.

ತಾಂಡಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಯಾವುದಕ್ಕೋ? ಬಾಯಿಬಿಟ್ಟು ಹೇಳು."

ಇತ್ತೂಪ ಚಾಚಿದ ಕೈ ಕೆಳಗಿಳಿಸಿದ.

"ಗಾಳಿ ಇರಲಿಲ್ಲ. ನಾನು ಕುಡಿದಿದ್ದೆ. ನಿನ್ನ ಮಗನನ್ನ ನಾನೇ ಮುಳುಗಿಸಿದೆ."

ತಾಂಡಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ಹಿಡಿದುಕೊಂಡಳು.

"ಇಷ್ಟು ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತೇನೋ, ಕತ್ತೆ? ಕ್ಷಮಿಸಿದೀನಿ, ಹೋಗು."

ಪ್ರಾರ್ಥನೆ ಮುಗಿದ ಮೇಲೆ ಜನರೆಲ್ಲ ಚರ್ಚಿನ ಮುಂದಿನ ದಡದಲ್ಲಿ ನಿಂತು ನೋಡಿದರು. ತಾಂಡಮ್ಮ ಉಟ್ಟಿದ್ದ ಬಿಳಿ ಮುಂಡು ಎತ್ತಿ ಹಿಡಿದು ಇತ್ತೂಪನ ದೋಣಿಗೆ ಕಾಲಿಟ್ಟಳು.

"ನೆಟ್ಟಗೆ ಹುಟ್ಟು ಹಾಕು," ಎಂದಳು. "ನಂಗೆ ಈಜು ಬರಲ್ಲ."