ಪಾಚಿಯ ಕೆಳಗಿನ ಹೆಂಚು

ಹೂಗ್ಯಂ ಊರಿನ ಮಾದಪ್ಪಣ್ಣ ಹಿಂದಿನ ಮಳೆಗಾಲದಲ್ಲಿ ತಮ್ಮ ಹೆಂಚಿನ ಮನೆಯ ಪಾಚಿ ತೆಗೆಯಲು ಹತ್ತಿ, ಜಾರಿ ಬಿದ್ದು ಬೆನ್ನು ಮುರಿದುಕೊಂಡರು. ಅಂದಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಉಳಿದ ಪಾಚಿ ತೆಗೆಯಲು ಈ ಸಲ ನನ್ನನ್ನು ಕರೆಸಿದ್ದರು.

ಬಿಸಿಲಿಗೆ ಹೆಂಚು ಒಣಗುವವರೆಗೂ ಕಾದೆ. ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಮನೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದೆ. ಹೆಂಚಿನ ಮೇಲೆ ಏಣಿ ಮಲಗಿಸಿ, ಅದರ ಮೇಲೇ ಕಾಲಿಟ್ಟು ಉಜ್ಜತೊಡಗಿದೆ.

"ಅಗ್ಗ ಬಿಗಿಯಾಗಿದ್ದದಾ?" ಒಳಗಿನಿಂದ ಮಾದಪ್ಪಣ್ಣ ಕೇಳಿದರು.

"ಬಿಗಿಯಾಗೇ ಅದೆ ಅಣ್ಣ."

"ನಾನು ಅಗ್ಗಾನೇ ಕಟ್ಕಂಡಿರ್ನಿಲ್ಲ ಕಣ್ಲಾ."

ಅರ್ಧ ಮುಗಿಯುವಷ್ಟರಲ್ಲಿ ಉಜ್ಜುವುದನ್ನು ನಿಲ್ಲಿಸಿದೆ. ಪಾಚಿ ಬಿಟ್ಟಲ್ಲೆಲ್ಲ ಹೆಂಚು ಬಿರಿದಿತ್ತು. ಇಷ್ಟು ದಿನ ಆ ಬಿರುಕುಗಳನ್ನು ಮುಚ್ಚಿಕೊಂಡಿದ್ದದ್ದು ಪಾಚಿಯೇ. ಒಡೆದ ಹೆಂಚೊಂದನ್ನು ಎತ್ತಿದರೆ ಬಿಸಿಲು ನೇರವಾಗಿ ಕೆಳಗೆ ಮಲಗಿದ್ದ ಮಾದಪ್ಪಣ್ಣನ ಮುಖದ ಮೇಲೆ ಬಿತ್ತು.

ಅವರು ಆ ತೂತನ್ನೇ ನೋಡುತ್ತ, "ಇದ್ಕಾ ನಾನು ಬಿದ್ದಿದ್ದು?" ಎಂದರು.

ಕೈಯಲ್ಲಿದ್ದ ಹೆಂಚನ್ನು ತಿರುಗಿಸಿ ನೋಡಿದೆ. ಆ ಹಳೇ ಅಳತೆಯ ಹೆಂಚು ಈಗ ಹನೂರಿನಲ್ಲೂ ಸಿಗುವುದಿಲ್ಲ, ಕೊಳ್ಳೇಗಾಲದಲ್ಲೂ ಸಿಗುವುದಿಲ್ಲ. ಟಾರ್ಪಾಲು ಹೊದಿಸಿ ಇಳಿದೆ. ಆ ಸೂರಿನಲ್ಲಿ ಗಟ್ಟಿಯಾಗಿದ್ದದ್ದು ಪಾಚಿಯೊಂದೇ. ಅದನ್ನು ನಾನೇ ಬುಟ್ಟಿ ತುಂಬಿ ತಿಪ್ಪೆಗೆ ಸುರಿದು ಬಂದೆ.